ಸಣ್ಣ ಅಳತೆ, ದೊಡ್ಡ ವ್ಯತ್ಯಾಸ: ಮೆಟ್ರಿಕ್ ಲೆಕ್ಕದ ತಿಳಿವಳಿಕೆ

ನಂಜನಗೂಡು ಮತ್ತು ತಿ. ನರಸೀಪುರದ ಅಂಗಡಿ, ಸಣ್ಣ ಕಾರ್ಖಾನೆಗಳಲ್ಲಿ ಇಂಚು, ಅಡಿಗಳು ಇಂದಿಗೂ ಬಾಯಿಮಾತಿನಲ್ಲಿ ಉಳಿದಿವೆ. ಆದರೆ ರಟ್ಟಿನ ಪೆಟ್ಟಿಗೆ, ಲೇಬಲ್, ಬಾಟಲಿಗಳ ವ್ಯವಹಾರ ನಡೆಯುವುದು ಮಿಲಿಮೀಟರು, ಮಿಲಿಲೀಟರುಗಳಲ್ಲಿ. ಲೆಕ್ಕವನ್ನು ಬದಲಿಸುವಾಗ ಆಗುವ ಸಣ್ಣ ತಪ್ಪಿನಿಂದ ದೊಡ್ಡ ನಷ್ಟವೇ ಉಂಟಾಗಬಹುದು.

ಉದ್ದ: 10 ಮಿ.ಮೀ. ಸೇರಿದರೆ 1 ಸೆಂ.ಮೀ.; 100 ಸೆಂ.ಮೀ. ಸೇರಿದರೆ 1 ಮೀಟರು. ಒಂದು ಇಂಚೆಂದರೆ 25.4 ಮಿ.ಮೀ. ಇದನ್ನು 25 ಎಂದೇ ಹಿಡಿದರೆ 40 ಇಂಚಿನ ಅಳತೆಯಲ್ಲಿ 16 ಮಿ.ಮೀ. ಕಡಿಮೆಯಾಗುತ್ತದೆ.

ವಿಸ್ತೀರ್ಣ: ಇಲ್ಲಿ ಉದ್ದ, ಅಗಲಗಳೆರಡೂ ಹತ್ತರಿಂದ ಬದಲಾಗುವುದರಿಂದ 1 ಚದರ ಸೆಂ.ಮೀ.ಗೆ 100 ಚದರ ಮಿ.ಮೀ. ಆಗುತ್ತದೆ. 80 ಮಿ.ಮೀ. ಉದ್ದ, 50 ಮಿ.ಮೀ. ಅಗಲದ ಲೇಬಲ್ಲಿನ ವಿಸ್ತೀರ್ಣ 4000 ಚದರ ಮಿ.ಮೀ., ಅಂದರೆ 40 ಚದರ ಸೆಂ.ಮೀ. ಹತ್ತರಿಂದ ಮಾತ್ರ ಭಾಗಿಸಿ 400 ಎಂದು ಬರೆದರೆ ಬೇಕಾದುದರ ಹತ್ತರಷ್ಟು ಕಾಗದ ತರಿಸಿದಂತಾಗುತ್ತದೆ.

ಘನ ಅಳತೆ: ಎತ್ತರವೂ ಸೇರುವುದರಿಂದ 1 ಘನ ಸೆಂ.ಮೀ.ಗೆ 1000 ಘನ ಮಿ.ಮೀ. ನಂಜನಗೂಡಿನ ಉತ್ಪಾದಕರೊಬ್ಬರು ಹಲ್ಲುಪುಡಿಗಾಗಿ 10, 5, 4 ಸೆಂ.ಮೀ. ಒಳ ಅಳತೆಯ ಪೆಟ್ಟಿಗೆ ಮಾಡಿಸುತ್ತಾರೆಂದು ಭಾವಿಸಬಹುದು. ಅದರ ಗಾತ್ರ 200 ಘನ ಸೆಂ.ಮೀ. ಮೂರೂ ಅಳತೆಗಳಲ್ಲಿ ಕೇವಲ 5 ಮಿ.ಮೀ. ಕಡಿಮೆಯಾದರೆ ಗಾತ್ರ 150 ಘನ ಸೆಂ.ಮೀ.ಗೂ ತುಸು ಕೆಳಗಿಳಿದು, ಕಾಲು ಭಾಗದಷ್ಟು ಪುಡಿ ಹೊರಗುಳಿಯುತ್ತದೆ. ಆದ್ದರಿಂದ ಪೆಟ್ಟಿಗೆಯ ಅಳತೆ ಒಳಗಿನದೋ ಹೊರಗಿನದೋ ಎಂಬುದನ್ನು ಬೇಡಿಕೆ ಪತ್ರದಲ್ಲಿ ಸ್ಪಷ್ಟಪಡಿಸುವುದು ಅಗತ್ಯ.

ದ್ರವ ಪದಾರ್ಥ: 1 ಘನ ಸೆಂ.ಮೀ. ಮತ್ತು 1 ಮಿಲಿಲೀಟರು ಒಂದೇ, 1000 ಮಿ.ಲೀ. ಸೇರಿದರೆ 1 ಲೀಟರು. ಆದರೆ ಲೀಟರು ಬೇರೆ, ಕಿಲೋಗ್ರಾಂ ಬೇರೆ. ಒಂದು ಲೀಟರು ಕಡಲೆಕಾಯಿ ಎಣ್ಣೆಯ ತೂಕ ಸುಮಾರು 910 ಗ್ರಾಂ. ತಿ. ನರಸೀಪುರದ ವರ್ತಕರೊಬ್ಬರು 15 ಕಿಲೋ ತೂಕದ ಎಣ್ಣೆಯ ಡಬ್ಬ ಕೊಂಡರೆ ಅದರಲ್ಲಿರುವುದು ಸುಮಾರು 16.5 ಲೀಟರು. ಕಿಲೋ ದರವನ್ನೇ ಲೀಟರಿನ ದರವೆಂದು ತಿಳಿದರೆ ಲಾಭದ ಲೆಕ್ಕವೇ ತಪ್ಪುತ್ತದೆ.

ಮೆಟ್ರಿಕ್ ಪದ್ಧತಿಗೆ ದೇಶದಲ್ಲಿ ಕಾನೂನಿನ ಬುನಾದಿ ಹಾಕಿದ್ದು 1956ರ ತೂಕ ಮತ್ತು ಅಳತೆಗಳ ಕಾಯಿದೆ. 2011ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯ 11ನೆಯ ಕಲಮಿನಂತೆ, ದರ ತಿಳಿಸುವಾಗಲೂ ರಸೀದಿ ಬರೆಯುವಾಗಲೂ ಅಂಗೀಕೃತ ಮಾನಗಳನ್ನೇ ಬಳಸಬೇಕು. ಎಲ್ಲ ಅಳತೆಗಳನ್ನೂ ಮೊದಲು ಒಂದೇ ಮಾನಕ್ಕೆ ತಂದು, ಅನಂತರ ಗುಣಿಸುವ ರೂಢಿಯಿಂದ ಬಹುಪಾಲು ತಪ್ಪುಗಳನ್ನು ತಪ್ಪಿಸಬಹುದು. ವರ್ತಕರೂ ಉತ್ಪಾದಕರೂ ಬೇಡಿಕೆ ಪತ್ರಕ್ಕೆ ಸಹಿ ಹಾಕುವ ಮುನ್ನ ಈ ಲೆಕ್ಕವನ್ನು ಮತ್ತೊಮ್ಮೆ ಪರಿಶೀಲಿಸುವುದು ಒಳಿತು.