ಮನೆಗೊಂದು ದರ, ಹೋಟೆಲಿಗೊಂದು ದರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಕೊಲ್ಲಿ ದೇಶಗಳ ನಂಟಿಲ್ಲದ ಊರು ಕಡಿಮೆ. ರಜೆಯಲ್ಲಿ ಬಂದವರು ಇಲ್ಲಿನ ಅಂಗಡಿಯ ಕರೆಂಟ್ ಬಿಲ್ಲು ನೋಡಿ ಅಚ್ಚರಿಪಡುತ್ತಾರೆ. ಕುವೈತಿನಲ್ಲಿ ಅಲ್ಲಿನ ಪ್ರಜೆಗಳ ಸ್ವಂತ ಮನೆಗೆ ಯೂನಿಟ್ಟಿಗೆ 2 ಫಿಲ್ಸ್ ದರ ದಶಕಗಳಿಂದ ನಡೆದುಬಂದಿದೆ. ಒಂದು ದಿನಾರಿಗೆ 1000 ಫಿಲ್ಸ್. ತಯಾರಿಸುವ ಖರ್ಚು ಅದಕ್ಕಿಂತ ಎಷ್ಟೋ ಹೆಚ್ಚು, ಉಳಿದದ್ದನ್ನು ಎಣ್ಣೆಯ ಆದಾಯದಿಂದ ಸರ್ಕಾರ ಭರಿಸುತ್ತದೆ. ಜರ್ಮನಿಯಲ್ಲಿ ಇದಕ್ಕೆ ತದ್ವಿರುದ್ಧ: ತೆರಿಗೆಯೂ ತಂತಿಜಾಲದ ಶುಲ್ಕವೂ ಮನೆಯವರ ಬಿಲ್ಲಿಗೇ ಸೇರುತ್ತವೆ.

ನಮ್ಮ ಕರೆಂಟಿನ ಮೂಲ ಹಲವು. ಶರಾವತಿಯ ಜಲವಿದ್ಯುತ್ ಅಗ್ಗ. ಉಡುಪಿ ಜಿಲ್ಲೆಯ ಯೆಲ್ಲೂರಿನ ಸ್ಥಾವರ ಕಟ್ಟಿದ್ದು ಆಮದು ಕಲ್ಲಿದ್ದಲಿಗಾಗಿ. ಮಳೆ ಕೈಕೊಟ್ಟ ವರ್ಷ ದುಬಾರಿ ವಿದ್ಯುತ್ ಹೆಚ್ಚು ಕೊಳ್ಳಬೇಕಾಗುತ್ತದೆ.

ಆಮೇಲೆ ತಂತಿಯ ಖರ್ಚು. ಶಿಶಿಲ, ನೆರಿಯದ ಕಾಡಂಚಿನ ಒಂಟಿ ಮನೆಗೆ ಕಂಬ ನೆಟ್ಟು, ಮಳೆಗಾಲದಲ್ಲಿ ಮರ ಬಿದ್ದಾಗಲೆಲ್ಲ ಸರಿಪಡಿಸಬೇಕು. ಆದರೂ ನಮಗೆ ಕರೆಂಟು ಪೂರೈಸುವ ಕಂಪನಿ ಮೆಸ್ಕಾಂನ ದರ ಅಲ್ಲಿ ಬಿ.ಸಿ. ರೋಡ್ ಪೇಟೆಗಿಂತ ಹೆಚ್ಚಿಲ್ಲ. 11 ಕೆ.ವಿ. ಲೈನಿನಿಂದ ನೇರವಾಗಿ ಪಡೆಯುವ ಕಾರ್ಖಾನೆಗೆ ಕರೆಂಟು ಮುಟ್ಟಿಸಲು ಇಷ್ಟು ಖರ್ಚಿಲ್ಲ, ಸೋರಿಕೆಯೂ ಕಡಿಮೆ. ಹಾಗಾಗಿ ಯುರೋಪಿನ ಬಹುತೇಕ ಕಡೆ ಉದ್ಯಮಕ್ಕೆ ದರ ಕಡಿಮೆ, ಮನೆಗೆ ಹೆಚ್ಚು.

ನಮ್ಮಲ್ಲಿ ಲೆಕ್ಕ ತಿರುಗುಮುರುಗು. 2024ರ ಏಪ್ರಿಲಿನಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಮನೆಗೆ ಯೂನಿಟ್ಟಿಗೆ 5 ರೂ. 90 ಪೈಸೆ ಇತ್ತು, ಅಂಗಡಿ ಹೋಟೆಲುಗಳಿಗೆ ಅದಕ್ಕಿಂತ ಹೆಚ್ಚು. 10 ಎಚ್.ಪಿ.ವರೆಗಿನ ತೋಟದ ಪಂಪಿಗೆ ಬಿಲ್ಲೇ ಇಲ್ಲ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗಳಿಗೆ, ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು, 200 ಯೂನಿಟ್ ಮಿತಿಯೊಳಗೆ, ಉಚಿತ. ಈ ಉಚಿತದ ಹಣವನ್ನು ಸರ್ಕಾರ ಮೆಸ್ಕಾಂಗೆ ತುಂಬುತ್ತದೆ. ಜೊತೆಗೆ ಒಂದು ವರ್ಗದ ಹೊರೆಯಲ್ಲಿ ಸ್ವಲ್ಪವನ್ನು ಇನ್ನೊಂದು ವರ್ಗದ ದರಕ್ಕೆ ಸೇರಿಸುವ ಅಡ್ಡ ಸಬ್ಸಿಡಿಯೂ ಉಂಟು. ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಬೇಕೇ ಬೇಕು, ಆ ನೆರವು ನ್ಯಾಯವಾದದ್ದೇ. ಆದರೆ ಅದು ಪೂರ್ತಿ ಬೊಕ್ಕಸದಿಂದಲೇ ಬರಬೇಕು. ನಾಲ್ಕು ಮೇಜಿನ ಹೋಟೆಲಿನವನ ಬಿಲ್ಲಿನಿಂದಲ್ಲ.

ಗ್ಯಾಸಿನಲ್ಲೂ ಹೀಗೆಯೇ: ಮನೆಯ 14.2 ಕಿಲೋ ಸಿಲಿಂಡರಿಗೆ ಜಿ.ಎಸ್.ಟಿ. ಶೇ. 5, ಹೋಟೆಲಿನ 19 ಕಿಲೋದ್ದಕ್ಕೆ ಶೇ. 18.

ಅಂಗಡಿಯವರು ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಒಮ್ಮೆ ನೋಡಿ. ನಿಗದಿತ ಶುಲ್ಕ ಬೀಳುವುದು ಅದರ ಮೇಲೆ. ಒಂದು ಯೂನಿಟ್ ಬಳಸದಿದ್ದರೂ ತಪ್ಪದು. ಬೇಕಾದ್ದಕ್ಕಿಂತ ಹೆಚ್ಚಿದ್ದರೆ ಇಳಿಸಲು ಮೆಸ್ಕಾಂ ಉಪವಿಭಾಗ ಕಚೇರಿಗೆ ಅರ್ಜಿ ಕೊಡಬಹುದು. ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಆಕ್ಷೇಪಣೆ ಸಲ್ಲಿಸಲು ಪ್ರತಿಯೊಬ್ಬ ಗ್ರಾಹಕನಿಗೂ ಹಕ್ಕಿದೆ.