ಬೆನ್ನ ಹಿಂದಿನ ಎಂಜಿನ್

ಬೇಸಿಗೆಯಲ್ಲಿ ಮಾರುತಿ ಓಮ್ನಿಯ ಮುಂದಿನ ಸೀಟಿನಲ್ಲಿ ಕುಳಿತು ಬೆಂಗಳೂರಿನಿಂದ ಮೈಸೂರಿಗೆ ಹೋದವರಿಗೆ ಈ ಲೇಖನದ ಅರ್ಧ ಸಂಗತಿ ಆಗಲೇ ಗೊತ್ತು. ರಾಮನಗರ ದಾಟುವಷ್ಟರಲ್ಲಿ ಸೀಟು ಬೆಚ್ಚಗಾಗುತ್ತದೆ, ಮದ್ದೂರು ಬರುವ ಹೊತ್ತಿಗೆ ದೋಸೆ ಕಾವಲಿ. ಕಾರಣ, ಎಂಜಿನ್ ಇರುವುದೇ ಆ ಸೀಟಿನ ಕೆಳಗೆ: ಮುಂದಿನ ಆಕ್ಸಲ್‌ಗಿಂತ ಹಿಂದೆ, ಹಿಂದಿನ ಆಕ್ಸಲ್‌ಗಿಂತ ಮುಂದೆ. ಹಾಗೆ ಎರಡು ಆಕ್ಸಲ್‌ಗಳ ನಡುವೆ ಎಂಜಿನ್ ಇಟ್ಟುಕೊಂಡ ಗಾಡಿಗೆ ‘ಮಿಡ್ ಎಂಜಿನ್’ ಎಂದು ಹೆಸರು. ಫೆರಾರಿ, ಲ್ಯಾಂಬೊರ್ಗಿನಿಗಳ ಪೋಸ್ಟರಿನಲ್ಲಿ ಹುಡುಗರು ಓದಿಕೊಳ್ಳುವ ಪದ. ಬೆಂಗಳೂರಿನ ವಿಜಯನಗರದ ಗಲ್ಲಿಗಳಲ್ಲಿ ಹನ್ನೆರಡು ಮಕ್ಕಳನ್ನೂ ಹನ್ನೆರಡು ಬ್ಯಾಗುಗಳನ್ನೂ ತುಂಬಿಕೊಂಡು ಸ್ಕೂಲಿಗೆ ಹೋಗುತ್ತಿದ್ದ ಓಮ್ನಿ, ಲೆಕ್ಕಕ್ಕೆ ನೋಡಿದರೆ ಅದೇ ಜಾತಿ.

ಇದನ್ನು ತಮಾಷೆಗೆ ಹೇಳಿದ್ದಲ್ಲ. ಎಂಜಿನ್ನನ್ನು ನಡುವೆ ಇಡುವುದು ಶ್ರೀಮಂತರ ಷೋಕಿ ಅಂತ ನಾವು ತಿಳಿದಿದ್ದೇವೆ. ಅದು ಬೆಳೆದಿದ್ದು ಮಾತ್ರ ಕೈಯಲ್ಲಿ ಕಾಸಿಲ್ಲದವರ ಶೆಡ್ಡುಗಳಲ್ಲಿ. ಇನ್ನೊಂದು ಗಾಡಿಯ ಎಂಜಿನ್ನು, ಗೇರ್‌ಬಾಕ್ಸು ಬಿಚ್ಚಿ ತಂದು ತನ್ನದೊಂದು ಗಾಡಿ ಕಟ್ಟಲು ಹೊರಟವನಿಗೆ ಅದನ್ನು ಕೂರಿಸಲು ಸುಲಭವಾದ ಜಾಗ ಡ್ರೈವರಿನ ಬೆನ್ನ ಹಿಂದೆ. ಇಂಥ ಕಾರುಗಳು ಪಶ್ಚಿಮ ಬೆಂಗಳೂರಿನಲ್ಲೇ ತಯಾರಾಗುತ್ತವೆ. ನೋಡಬೇಕೆಂದರೆ ಮೈಸೂರು ರಸ್ತೆ ಹಿಡಿಯಬೇಕು.

ಕೆಂಗೇರಿಯ ದಾರಿಯಲ್ಲಿರುವ ಆರ್.ವಿ. ಎಂಜಿನಿಯರಿಂಗ್ ಕಾಲೇಜು 1963ರದು. ಅಲ್ಲಿನ ವಿದ್ಯಾರ್ಥಿಗಳು 2003ರಲ್ಲಿ ಕಟ್ಟಿಕೊಂಡ ತಂಡ ‘ಅಶ್ವ ರೇಸಿಂಗ್’. ವರ್ಷವರ್ಷವೂ ಹೊಸ ಹುಡುಗ ಹುಡುಗಿಯರು ಸೇರಿ ಒಬ್ಬರೇ ಕೂರುವ, ಚಕ್ರಗಳು ಹೊರಗೆ ಚಾಚಿರುವ, ಫಾರ್ಮುಲಾ ಒನ್‌ನ ಚಿಕ್ಕ ತಮ್ಮನಂಥ ಕಾರು ಕಟ್ಟುತ್ತಾರೆ. ಅದಕ್ಕೊಂದು ಜಾಗತಿಕ ಸ್ಪರ್ಧೆಯ ಪರಂಪರೆಯಿದೆ: ಅಮೆರಿಕದಲ್ಲಿ 1981ರಲ್ಲಿ ಶುರುವಾದ ‘ಫಾರ್ಮುಲಾ ಎಸ್‌ಎಇ’, ಬ್ರಿಟನ್ನಿನ ‘ಫಾರ್ಮುಲಾ ಸ್ಟೂಡೆಂಟ್’, ನಮ್ಮಲ್ಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ‘ಫಾರ್ಮುಲಾ ಭಾರತ್’. ಬೆಂಗಳೂರಿನ ಬೇರೆ ಕಾಲೇಜುಗಳಲ್ಲೂ ಇಂಥ ತಂಡಗಳಿವೆ.

ಸ್ಪರ್ಧೆಯ ಅಂಕ ಒಟ್ಟು 1000. ಅದರಲ್ಲಿ 325 ಅಂಕ ಗಾಡಿ ಅಲುಗಾಡುವ ಮೊದಲೇ ಬರಬೇಕು: ವಿನ್ಯಾಸ ಯಾಕೆ ಹೀಗೆ, ಖರ್ಚೆಷ್ಟು, ಮಾರುವುದಾದರೆ ಹೇಗೆ ಎಂದು ತೀರ್ಪುಗಾರರ ಮುಂದೆ ನಿಂತು ಉತ್ತರಿಸಬೇಕು. ನಿಯಮಗಳೂ ಸ್ವಾರಸ್ಯದವು. ನಾಲ್ಕು ಸ್ಟ್ರೋಕಿನ ಎಂಜಿನ್ 710 ಸಿಸಿ ಮೀರಬಾರದು. ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರಿನ, ಅಂದರೆ ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಗಲದ ಒಂದೇ ಕಂಡಿಯ ಮೂಲಕ ಹಾಯಬೇಕು. ಎಂಥ ಎಂಜಿನ್ ತಂದರೂ ಮೂಗು ಹಿಡಿದೇ ಓಡಿಸಬೇಕೆಂದು ಅರ್ಥ. ಅಪಾಯವಾದರೆ ಬೆಲ್ಟು ಬಿಚ್ಚಿ ಐದು ಸೆಕೆಂಡಿನಲ್ಲಿ ಡ್ರೈವರ್ ಹೊರಗೆ ನಿಂತಿರಬೇಕು. ಬೆನ್ನಿಗೂ ಎಂಜಿನ್ನಿಗೂ ನಡುವೆ ಬೆಂಕಿ ತಡೆಯುವ ತಗಡಿನ ಗೋಡೆ ಕಡ್ಡಾಯ. ಓಮ್ನಿಯಲ್ಲಿ ಅಂಥದ್ದೊಂದು ದಪ್ಪ ಗೋಡೆ ಇದ್ದಿದ್ದರೆ ಎಷ್ಟು ಸಂಸಾರಗಳು ಸುಖವಾಗಿರುತ್ತಿದ್ದವೋ.

ಎಂಜಿನ್ ಎಲ್ಲಿಂದ? ಬೈಕಿನಿಂದ. ನಮ್ಮ ದೇಶದ ತಂಡಗಳಲ್ಲಿ ಕೆಟಿಎಂ 390ರ ಎಂಜಿನ್ನಿಗೆ ಬಹಳ ಬೇಡಿಕೆ. 373 ಸಿಸಿ, ಒಂದೇ ಸಿಲಿಂಡರು, ತೂಕ ಕಡಿಮೆ, ಬಿಡಿಭಾಗ ಸಿಗುತ್ತದೆ. ಬೈಕಿನ ಎಂಜಿನ್ನಿನ ದೊಡ್ಡ ಗುಣವೆಂದರೆ ಕ್ಲಚ್ಚು, ಗೇರ್‌ಬಾಕ್ಸು ಎಲ್ಲವೂ ಅದರ ಹೊಟ್ಟೆಯಲ್ಲೇ ಇರುವುದು. ಹೊರಗೆ ಬರುವುದು ಒಂದು ಚಿಕ್ಕ ಸ್ಪ್ರಾಕೆಟ್ ಮಾತ್ರ. ಆ ಸ್ಪ್ರಾಕೆಟ್‌ನಿಂದ ಹಿಂದಿನ ಚಕ್ರಕ್ಕೆ ಚೈನು ಎಳೆಯಬೇಕು. ಚೈನು ಉದ್ದವಾದಷ್ಟೂ ತಾಪತ್ರಯ, ಆದ್ದರಿಂದ ಎಂಜಿನ್ ಹಿಂದಿನ ಚಕ್ರದ ಹತ್ತಿರವೇ ಇರಬೇಕು. ಡ್ರೈವರ್ ಅದರ ಮುಂದೆ. ಯಾರೂ ಹೇಳಿಕೊಡದೆ ಕಾರು ತಾನಾಗಿ ಮಿಡ್ ಎಂಜಿನ್ ಆಯಿತು.

ಎಂಬತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ನಡೆದದ್ದೂ ಇದೇ. ಯುದ್ಧ ಆಗಷ್ಟೇ ಮುಗಿದಿತ್ತು, ಹೊಸ ಸಾಮಾನು ಕೊಳ್ಳುವ ಮಾತೇ ಇರಲಿಲ್ಲ. 1946ರಲ್ಲಿ ಚಾರ್ಲ್ಸ್ ಕೂಪರ್ ಮತ್ತು ಮಗ ಜಾನ್ ತಮ್ಮ ಗ್ಯಾರೇಜಿನಲ್ಲಿ ಎರಡು ಹಳೆಯ ಫಿಯೆಟ್ ಟೊಪೊಲಿನೊಗಳ ಮುಂಭಾಗಗಳನ್ನಷ್ಟೇ ಕತ್ತರಿಸಿ, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಮಾಡಿ ಬೆಸೆದರು. ಬೆನ್ನ ಹಿಂದೆ 500 ಸಿಸಿಯ ಜೆಎಪಿ ಬೈಕ್ ಎಂಜಿನ್, ಚೈನು. ತತ್ವಗಿತ್ವ ಏನಿಲ್ಲ, ಚೈನು ಚಿಕ್ಕದಿರಲಿ ಎಂಬ ಅನುಕೂಲ. ಆ ಅನುಕೂಲವೇ ದೊಡ್ಡದಾಗಿ ಬೆಳೆದು, 1959 ಮತ್ತು 1960ರಲ್ಲಿ ಜ್ಯಾಕ್ ಬ್ರಾಬಮ್ ಕೂಪರ್ ಕಾರಿನಲ್ಲೇ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ. ಮುಂದೆ ಎಂಜಿನ್ ಇಟ್ಟುಕೊಂಡಿದ್ದ ದೊಡ್ಡ ಮನೆತನಗಳೆಲ್ಲ ಕೆಲವೇ ವರ್ಷಗಳಲ್ಲಿ ಎಂಜಿನ್ನನ್ನು ಹಿಂದಕ್ಕೆ ಸರಿಸಿದವು.

ಲಾಭ ಏನೆಂಬುದನ್ನು ಮನೆಯಲ್ಲೇ ನೋಡಬಹುದು. ಎರಡು ಕೈಯಲ್ಲಿ ಎರಡು ತರಕಾರಿ ಚೀಲ ಹಿಡಿದು, ಕೈ ಚಾಚಿ ಗಿರ್ರನೆ ತಿರುಗಿ. ತಿರುಗುವುದಕ್ಕೂ ಕಷ್ಟ, ನಿಲ್ಲುವುದಕ್ಕೂ ಕಷ್ಟ. ಅದೇ ಚೀಲಗಳನ್ನು ಎದೆಗೆ ಅವುಚಿಕೊಂಡು ತಿರುಗಿ. ಕಾರಿನಲ್ಲಿ ಅತಿ ಭಾರದ ವಸ್ತು ಎಂಜಿನ್ನು. ಅದು ಮೂತಿಯ ತುದಿಯಲ್ಲಿದ್ದರೆ ಚಾಚಿದ ಕೈ, ನಡುವಿದ್ದರೆ ಅವುಚಿದ ಚೀಲ. ತಿರುವಿನಲ್ಲಿ ಗಾಡಿ ಚಕ್ಕನೆ ಹೊರಳುತ್ತದೆ. ಡ್ರೈವರ್ ತಪ್ಪು ಮಾಡಿದರೆ ಅಷ್ಟೇ ಚಕ್ಕನೆ ಹಿಂದುಮುಂದಾಗುತ್ತದೆ, ಅದನ್ನೂ ಹೇಳಬೇಕು.

ಕಾರಿನದೇ ಎಂಜಿನ್ ತಂದು ಇಡುವುದು ಈ ಕಸುಬಿನ ಇನ್ನೊಂದು ಕವಲು. ವಿದೇಶದಲ್ಲಿ ಇದಕ್ಕೆ ‘ಕಿಟ್ ಕಾರ್’ ಎಂಬ ಹೆಸರು. ನಮ್ಮಲ್ಲಿ ಕಾರಿಗೆ ಕಿಟ್ ಹಾಕಿಸಿದ್ದೀರಾ ಎಂದು ಕೇಳಿದರೆ ಗ್ಯಾಸ್ ಕಿಟ್ ಅಂದುಕೊಳ್ಳುತ್ತಾರೆ, ಅದು ಬೇರೆ. ಅಲ್ಲಿ ಕಂಪನಿಗಳು ಪೈಪಿನ ಚೌಕಟ್ಟು, ಫೈಬರ್ ಹೊದಿಕೆ ಮಾತ್ರ ಮಾರುತ್ತವೆ. ಉಳಿದಿದ್ದನ್ನೆಲ್ಲ ಕೊಂಡವನು ಒಂದು ಹಳೇ ಕಾರಿನಿಂದ ಬಿಚ್ಚಿಕೊಳ್ಳಬೇಕು. ಹಾಗೆ ಅಂಗಾಂಗ ಕೊಡುವ ಗಾಡಿಗೆ ‘ಡೋನರ್’, ಅಂದರೆ ದಾನಿ ಎನ್ನುತ್ತಾರೆ. ದಾನಿಯಾಗಿ ಅತ್ಯುತ್ತಮವಾದದ್ದು ಮುಂದಿನ ಚಕ್ರ ಎಳೆಯುವ ಸಾಧಾರಣ ಸಂಸಾರಿ ಕಾರು. ಅದರಲ್ಲಿ ಅಡ್ಡಕ್ಕೆ ಮಲಗಿದ ಎಂಜಿನ್ನು, ಗೇರ್‌ಬಾಕ್ಸು, ಎರಡು ಡ್ರೈವ್ ಶಾಫ್ಟು ಒಂದೇ ಗಂಟು. ಆ ಗಂಟನ್ನು ಹಾಗೆಯೇ ಎತ್ತಿ, ದಿಕ್ಕು ಬದಲಿಸದೆ ಸೀಟಿನ ಹಿಂದೆ ಇಳಿಸಿದರೆ ಮುಂದಿನ ಚಕ್ರ ತಿರುಗಿಸುತ್ತಿದ್ದದ್ದು ಹಿಂದಿನ ಚಕ್ರ ತಿರುಗಿಸುತ್ತದೆ. ದೊಡ್ಡ ಕಂಪನಿಗಳೂ ಇದನ್ನೇ ಮಾಡಿವೆ. ಫಿಯೆಟ್ 1972ರಲ್ಲಿ ತನ್ನ 128ರ ಗಂಟನ್ನು ಹಿಂದಕ್ಕಿಟ್ಟು ಎಕ್ಸ್1/9 ಮಾಡಿತು. ಟೊಯೊಟಾ 1984ರಲ್ಲಿ ಕೊರೊಲ್ಲಾದ ಸಾಮಾನಿನಿಂದ ಎಂಆರ್2 ಮಾಡಿತು.

ಕೇಳಲು ಸಲೀಸು. ಮಾಡಲು ಕೂತರೆ ಒಂದೊಂದೇ ಗೊತ್ತಾಗುತ್ತದೆ. ಮುಂದಿನ ಚಕ್ರಗಳೆಂದ ಮೇಲೆ ಅವಕ್ಕೆ ಸ್ಟೀರಿಂಗ್ ರಾಡುಗಳಿರುತ್ತವೆ. ಹಿಂದಕ್ಕೆ ಬಂದ ಮೇಲೆ ಆ ರಾಡುಗಳನ್ನು ಚೌಕಟ್ಟಿಗೆ ಬಿಗಿಯಾಗಿ ಕಟ್ಟಿಹಾಕದಿದ್ದರೆ ಹಿಂದಿನ ಚಕ್ರಗಳೂ ತಮ್ಮಿಷ್ಟದಂತೆ ತಿರುಗತೊಡಗುತ್ತವೆ. ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ. ನಡುವೆ ಉದ್ದನೆಯ ನೀರಿನ ಕೊಳವೆ, ಅದರ ಯಾವುದೋ ಏರಿನಲ್ಲಿ ಗಾಳಿ ಸಿಕ್ಕಿಕೊಂಡು ಎಂಜಿನ್ ಕಾದು ಕೂರುತ್ತದೆ. ಎಂಜಿನ್ನಿನ ಹಿಂದೆ ಇದ್ದ ಗೇರ್ ಹಿಡಿ ಈಗ ಎಂಜಿನ್ನಿನ ಮುಂದೆ ಕೂತ ಡ್ರೈವರ್ ಕೈಗೆ ಬರಬೇಕು, ಕೇಬಲ್ಲುಗಳು ದಿಕ್ಕು ತಪ್ಪಿದರೆ ಒಂದನೇ ಗೇರಿನ ಜಾಗದಲ್ಲಿ ಎರಡನೆಯದು ಸಿಗುತ್ತದೆ. ಲೋಟಸ್ ಕಂಪನಿ 1966ರಲ್ಲಿ ಯುರೋಪಾ ಮಾಡುವಾಗ ರೆನೊ 16ರ ಎಂಜಿನ್ ಗೇರ್‌ಬಾಕ್ಸನ್ನು ಪೂರ್ತಿ ಹಿಂದುಮುಂದಾಗಿ ತಿರುಗಿಸಿಟ್ಟಿತು. ಹಾಗೆಯೇ ಬಿಟ್ಟಿದ್ದರೆ ಹಿಂದಕ್ಕೆ ಹೋಗಲು ನಾಲ್ಕು ಗೇರು, ಮುಂದಕ್ಕೆ ಒಂದೇ! ಡಿಫರೆನ್ಷಿಯಲ್ಲಿನ ದೊಡ್ಡ ಹಲ್ಲುಚಕ್ರವನ್ನು ಆಚೆ ಬದಿಗೆ ದಾಟಿಸಿ ಸರಿಮಾಡಿದರು.

ನಮ್ಮಲ್ಲೇಕೆ ಇದು ರಸ್ತೆಗಿಳಿಯಲಿಲ್ಲ? ಕೈ ಇಲ್ಲದೆ ಅಲ್ಲ, ನಂಬರ್ ಪ್ಲೇಟ್ ಇಲ್ಲದೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಗಾಡಿಯನ್ನೂ ಪರೀಕ್ಷಿಸಿ ನೋಂದಾಯಿಸುವ ಏರ್ಪಾಡಿದೆ. ವಯಸ್ಸು ನಿರ್ಧರಿಸಲಾಗದ ಬೆರಕೆ ಗಾಡಿಗಳಿಗೆಂದೇ ‘ಕ್ಯೂ’ ಅಕ್ಷರದ ನಂಬರು ಕೊಡುತ್ತಾರೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಗಾಡಿಗೂ ತಾಳೆಯಾಗದಂಥ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಒತ್ತಿ ಹೇಳಿತು. ರಸ್ತೆಯ ಮೇಲೆ ನಡೆಯುವ ನನ್ನಂಥವನಿಗೆ ಈ ಬಿಗಿ ತಪ್ಪೆನಿಸುವುದಿಲ್ಲ. ಆದರೆ ಒಂದೇ ಗಾಡಿ ಕಟ್ಟಿದವನು ಪರೀಕ್ಷೆಗೆ ಕೊಡುತ್ತೇನೆಂದರೂ ತೆಗೆದುಕೊಳ್ಳುವ ಸುಲಭದ ಕಿಟಕಿಯೊಂದಿಲ್ಲ ಎಂಬುದು ಬೇಸರದ ಸಂಗತಿ.

ಹಾಗಾಗಿ ನಮ್ಮ ಕಥೆಯೆಲ್ಲ ಒಂದೋ ಕಾರ್ಖಾನೆಯದು, ಇಲ್ಲವೇ ರೇಸ್ ಟ್ರ್ಯಾಕಿನದು. ಬೆಂಗಳೂರಿನ ಸನ್‌ರೈಸ್ ಆಟೊ ಇಂಡಸ್ಟ್ರೀಸ್, ಆಮೇಲೆ ಸಿಪಾನಿ ಎಂದು ಹೆಸರಾದದ್ದು, 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಫೈಬರ್ ಕಾರು ಮಾಡಿತು. 198 ಸಿಸಿಯ ಎರಡು ಸ್ಟ್ರೋಕಿನ ಪುಟ್ಟ ಎಂಜಿನ್ ಪ್ರಯಾಣಿಕರ ಹಿಂದುಗಡೆ. ಸುಂದರವಾಗಿತ್ತೆಂದು ಯಾರೂ ಹೇಳರು, ಆದರೆ ಕೈಗೆ ಸಿಕ್ಕ ಚಿಕ್ಕ ಎಂಜಿನ್ನಿಗೆ ಕಾರಿನ ಮೈ ತೊಡಿಸುವ ಅದೇ ಬುದ್ಧಿ. ಅದಕ್ಕಿಂತ ದೊಡ್ಡ ಹೆಸರು ಕೊಯಮತ್ತೂರಿನ ಎಸ್. ಕರಿವರ್ಧನ್ ಅವರದು. ಮಾರುತಿ 800ರ 796 ಸಿಸಿ ಎಂಜಿನ್ನನ್ನು ಡ್ರೈವರಿನ ಹಿಂದಿಟ್ಟು, ಭಾರತದಲ್ಲೇ ಒಬ್ಬರು ಕೂರುವ ರೇಸ್ ಕಾರುಗಳನ್ನು ಕಟ್ಟಿದರು. ಆ ಕಾರುಗಳನ್ನು ಓಡಿಸಿ ಪಳಗಿದವರಲ್ಲಿ ನರೇನ್ ಕಾರ್ತಿಕೇಯನ್ ಒಬ್ಬರು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ನಮ್ಮ ಹುಡುಗರು ಪ್ರತಿವರ್ಷ ಲಾರಿಯಲ್ಲಿ ಗಾಡಿ ಹೇರಿಕೊಂಡು ಹೋಗುವ ಟ್ರ್ಯಾಕಿಗೆ ಅವರದೇ ಹೆಸರು.

ಕಾಲೇಜಿನ ಗೇಟಿನೊಳಗೆ ಎಲ್ಲವೂ ಆಗುವುದಿಲ್ಲ. ವಿನ್ಯಾಸ ಕಂಪ್ಯೂಟರಿನಲ್ಲಿ ಎಷ್ಟೇ ನುಣುಪಾಗಿ ಬಂದರೂ ಕಬ್ಬಿಣಕ್ಕೆ ಕೈ ಬೇಕು. ಆ ಕೈಗಳು ಕಾಮಾಕ್ಷಿಪಾಳ್ಯದಲ್ಲಿ, ಮಾಗಡಿ ರಸ್ತೆಯ ಅಡ್ಡರಸ್ತೆಗಳಲ್ಲಿ, ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ, ಪೀಣ್ಯದಲ್ಲಿ ಇವೆ. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇದ್ದ ಜಾಗದಲ್ಲಿ ಇವತ್ತು ಒರಾಯನ್ ಮಾಲ್ ನಿಂತಿರಬಹುದು. ಅಂಥ ಕಾರ್ಖಾನೆಗಳನ್ನು ನಂಬಿ ಹುಟ್ಟಿದ ಲೇತ್ ಶೆಡ್ಡುಗಳು ಇನ್ನೂ ಉಸಿರಾಡುತ್ತಿವೆ. ಹತ್ತಡಿ ಅಗಲದ ಬಾಗಿಲು, ಬಾಗಿಲಲ್ಲೇ ಕಬ್ಬಿಣದ ಸುರುಳಿ ಚೂರುಗಳ ರಾಶಿ, ಕೂಲೆಂಟಿನ ಹುಳಿ ವಾಸನೆ, ಗೋಡೆಯಲ್ಲಿ ಊದುಬತ್ತಿ ಸಿಕ್ಕಿಸಿದ ದೇವರ ಪಟ. ಇಲ್ಲಿ ಮಾಡಿಕೊಡುವ ಪ್ರತಿ ವಸ್ತುವಿಗೂ ‘ಜಾಬ್’ ಎಂದೇ ಹೆಸರು. ಸ್ಪ್ರಾಕೆಟ್ ಕೂರುವ ತಟ್ಟೆ ಒಂದು ಜಾಬ್, ಚಕ್ರದ ಹಬ್ ಒಂದು ಜಾಬ್. ಸಾವಿರ ಒಂದೇ ಥರದ ಬುಷ್ ಹೊಡೆಯುವ ಶೆಡ್ಡಿಗೆ ಎರಡೇ ಎರಡು ತುಂಡಿನ ಆರ್ಡರ್ ಹಿಡಿದು ಬರುವ ವಿದ್ಯಾರ್ಥಿ ಲಾಭದ ಗಿರಾಕಿಯಲ್ಲ. ಆದರೂ ಜಾಬ್ ಆಗುತ್ತದೆ, ಸಂಜೆ ಮೆಷಿನ್ ಬಿಡುವಾದ ಮೇಲೆ.

ಚೌಕಟ್ಟಿನ ಕೆಲಸ ಇನ್ನೂ ನಾಜೂಕು. ಒಂದು ಪೈಪಿನ ತುದಿ ಇನ್ನೊಂದರ ದುಂಡಿಗೆ ಗಾಳಿ ಆಡದಂತೆ ಕೂರಬೇಕು, ಹಾಗೆ ಕೊರೆದು, ಜಿಗ್‌ನಲ್ಲಿ ಬಿಗಿದು, ಮೊದಲು ಚುಕ್ಕಿ ಚುಕ್ಕಿ ಬೆಸುಗೆ, ಆಮೇಲೆ ಪೂರ್ತಿ. ಒಂದೇ ಕಡೆಯಿಂದ ಬೆಸೆಯುತ್ತಾ ಹೋದರೆ ಕಾವಿಗೆ ಚೌಕಟ್ಟೇ ಸೊಟ್ಟಗಾಗುತ್ತದೆ. ಈ ಮೂಲೆ ಸ್ವಲ್ಪ, ಎದುರು ಮೂಲೆ ಸ್ವಲ್ಪ ಎಂದು ಹೋಗಬೇಕು. ಇದು ಪುಸ್ತಕದಲ್ಲೂ ಇದೆ, ಆದರೆ ವೆಲ್ಡರಿನ ಪಕ್ಕ ಎರಡು ದಿನ ನಿಂತವರಿಗಷ್ಟೇ ಅರ್ಥವಾಗುತ್ತದೆ. ಡ್ರೈವ್ ಶಾಫ್ಟಿನ ಸಾಮಾನಿಗೆ ಮಾರುತಿ 800 ಹುಡುಕಿಕೊಂಡು ಹೋಗುವ ತಂಡಗಳೂ ಇವೆ. ಅದಕ್ಕೆ ಜೆ.ಸಿ. ರಸ್ತೆಯ ಅಂಗಡಿಗಳು, ಹಳೇದಾದರೂ ಸಾಕೆಂದರೆ ಶಿವಾಜಿನಗರದ ಗುಜರಿ.

ಸ್ಪರ್ಧೆಯ ಕೊನೆಯ ಪರೀಕ್ಷೆ 22 ಕಿಲೋಮೀಟರಿನ ಓಟ, ನಡುವೆ ಡ್ರೈವರ್ ಬದಲಾಗಬೇಕು. ಮೈಸೂರು ರಸ್ತೆಯಲ್ಲಿ ಬಿಡದಿ ದಾಟುವಷ್ಟೂ ದೂರವಿಲ್ಲ, ಆದರೂ ಅನೇಕ ಗಾಡಿಗಳು ಮುಗಿಸುವುದಿಲ್ಲ. ಚೈನು ಕಳಚುತ್ತದೆ, ನೀರು ಸೋರುತ್ತದೆ, ಬಿಸಿಯಾಗಿ ನಿಂತ ಎಂಜಿನ್ ಡ್ರೈವರ್ ಬದಲಾದ ಮೇಲೆ ಮತ್ತೆ ಹತ್ತುವುದೇ ಇಲ್ಲ. ಮುಗಿಸಲಿ ಬಿಡಲಿ, ವಾಪಸು ಬಂದ ಗಾಡಿಯ ಗತಿ ಸಾಮಾನ್ಯವಾಗಿ ಒಂದೇ. ಮುಂದಿನ ಸಾಲಿನ ಹುಡುಗರು ಸ್ಪ್ಯಾನರ್ ಹಿಡಿದು ಬಂದು ಎಂಜಿನ್ ಇಳಿಸುತ್ತಾರೆ, ಎಣ್ಣೆ ಬಸಿಯುತ್ತಾರೆ, ಹೊಸ ಚೌಕಟ್ಟಿನ ಅಳತೆಗೆ ಇಟ್ಟು ನೋಡುತ್ತಾರೆ. ಬೈಕಿನಿಂದ ಒಮ್ಮೆ ದಾನ ಪಡೆದ ಗಾಡಿ ಈಗ ತಾನೇ ದಾನಿ. ಖಾಲಿ ಚೌಕಟ್ಟು ವರ್ಕ್‌ಶಾಪಿನ ಮೂಲೆಯಲ್ಲಿ ಗೋಡೆಗೆ ಒರಗಿ ನಿಲ್ಲುತ್ತದೆ, ಬೆನ್ನ ಹಿಂದಿನ ಜಾಗ ಬರಿದು ಮಾಡಿಕೊಂಡು.