ಖಾಲಿ ಪಿಕಪ್‌ನ ಬಾಗು: ದುರಸ್ತಿಯೋ, ಮಾರ್ಪಾಡೋ?

ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹತ್ತಿಯನ್ನು ಇಳಿಸಿ ಖಾಲಿಯಾಗಿ ನಿಂತ ಪಿಕಪ್ ವಾಹನವನ್ನು ಪಕ್ಕದಿಂದ ನೋಡಿದರೆ ಅದರ ಹಿಂಭಾಗ ಎತ್ತರವಾಗಿಯೂ ಮುಂಭಾಗ ತಗ್ಗಾಗಿಯೂ ಕಾಣುತ್ತದೆ. ಹೊಸದಾಗಿ ವಾಹನ ಕೊಂಡ ವ್ಯಾಪಾರಸ್ಥರಲ್ಲಿ ಅನೇಕರಿಗೆ ಇದೊಂದು ದೋಷವೆನಿಸುತ್ತದೆ. ಗ್ಯಾರೇಜಿಗೆ ಒಯ್ದು ಮುಂಭಾಗವನ್ನು ಎರಡು ಬೆರಳಷ್ಟು ಎತ್ತಿಸಿ ವಾಹನವನ್ನು ಸಮಮಟ್ಟಕ್ಕೆ ತರಿಸುವ ರೂಢಿ ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೂ ಹೊಸದಲ್ಲ. ಕೆಲಸ ಅರ್ಧ ದಿನದ್ದು, ಕೂಲಿಯೂ ದೊಡ್ಡದಲ್ಲ. ಆದರೆ ಅದರ ಪರಿಣಾಮ ಟೈರು, ಬ್ರೇಕುಗಳಿಂದ ಆರಂಭವಾಗಿ ನೋಂದಣಿ, ವಿಮೆ ಮತ್ತು ವರ್ಷದ ಕೊನೆಯ ಜಮಾ-ಖರ್ಚಿನವರೆಗೂ ಮುಟ್ಟುತ್ತದೆ.

ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಈ ಬಾಗು ತಯಾರಕರು ತಿಳಿದೇ ಇಟ್ಟದ್ದು. ಹಿಂದಿನ ಕಮಾನುಪಟ್ಟಿಗಳನ್ನು, ಅಂದರೆ ಆಡುಮಾತಿನ ಪಾಟಾಗಳನ್ನು, ಪೂರ್ಣ ಹೇರನ್ನು ಹೊರುವ ಲೆಕ್ಕದಲ್ಲಿ ರೂಪಿಸಿರುತ್ತಾರೆ. ಹೇರು ಬಿದ್ದಾಗ ಅವು ಚಪ್ಪಟೆಯಾಗಿ ಹಿಂಭಾಗ ಇಳಿಯುತ್ತದೆ. ವಾಹನ ಆಗ ಸಮಮಟ್ಟಕ್ಕೆ ಬರುತ್ತದೆ. ಖಾಲಿ ಇರುವಾಗಲೇ ಸಮಮಟ್ಟಕ್ಕೆ ತಂದ ವಾಹನ ಹೇರು ಬಿದ್ದೊಡನೆ ಬಾಲ ಊರಿ ಮೂತಿ ಎತ್ತುತ್ತದೆ. ವಾಹನ ದುಡಿಯುವುದು ಹೇರು ಹೊತ್ತಾಗಲೇ ಹೊರತು ಅಂಗಡಿಯ ಮುಂದೆ ನಿಂತಾಗ ಅಲ್ಲ.

ಎತ್ತಿನ ಬಂಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ಹೆಗಲ ಮೇಲೆ ಕೂರುತ್ತದೆ. ಅನುಭವಿಗಳು ಬಂಡಿಯ ಮರವನ್ನು ಕೆತ್ತುವುದಿಲ್ಲ, ನಾಲ್ಕು ಚೀಲಗಳನ್ನು ಸರಿಸುತ್ತಾರೆ. ಪಿಕಪ್‌ನ ಲೆಕ್ಕವೂ ಇದೇ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 3 ಮೀಟರ್ ಅಂತರವಿದೆ, 1,000 ಕಿಲೋ ಹೇರಿನ ಮಧ್ಯಬಿಂದು ಹಿಂದಿನ ಅಚ್ಚಿಗಿಂತ 30 ಸೆಂಟಿಮೀಟರ್ ಹಿಂದಿದೆ ಎಂದು ಇಟ್ಟುಕೊಳ್ಳೋಣ. ಆಗ ಮುಂದಿನ ಅಚ್ಚಿನ ಮೇಲಿನ ಭಾರ 100 ಕಿಲೋ ಕಡಿಮೆಯಾಗುತ್ತದೆ. ಅದೇ ಹೇರನ್ನು ಅಚ್ಚಿಗಿಂತ 30 ಸೆಂಟಿಮೀಟರ್ ಮುಂದಕ್ಕೆ ಸರಿಸಿದರೆ ಮುಂದಿನ ಅಚ್ಚಿನ ಮೇಲೆ 100 ಕಿಲೋ ಹೆಚ್ಚಾಗುತ್ತದೆ. ಹೇರುವವನ ಕೈಯಲ್ಲೇ 200 ಕಿಲೋಗಳ ವ್ಯತ್ಯಾಸವಿದೆ. ಅದಕ್ಕೆ ಪಾನೆಯ ಅಗತ್ಯವಿಲ್ಲ.

ಹೇರುಗಳೂ ಒಂದೇ ತೆರನಲ್ಲ. ಸಡಿಲ ಹತ್ತಿ ಜಾಗ ತುಂಬುತ್ತದೆ, ತೂಕ ತುಂಬುವುದಿಲ್ಲ. ಒತ್ತಿದ ಹತ್ತಿಯ ಬೇಲಾದರೆ ಒಂದೊಂದೇ ಸುಮಾರು 170 ಕಿಲೋ. ರಾಮದುರ್ಗದ ನೇಕಾರರ ನೂಲಿನ ಗಂಟುಗಳು ಹಗುರ. ಕಿತ್ತೂರಿನ ಹೆದ್ದಾರಿಯಿಂದ ಒಳಗಿನ ಹಳ್ಳಿಗಳಿಗೆ ಹೋಗುವ ಕಟ್ಟಡದ ಸರಳುಗಳು ಡಾಲೆಯ ಹೊರಗೆ ಚಾಚಿ ವಾಹನವನ್ನು ಹಿಂಭಾರ ಮಾಡುತ್ತವೆ. ಮುಂಭಾಗವನ್ನು ಮೊದಲೇ ಎತ್ತಿಸಿದ್ದರೆ ಸರಳು ಹೊತ್ತ ವಾಹನದ ದೀಪ ರಸ್ತೆಯನ್ನು ಬಿಟ್ಟು ಎದುರಿನ ಚಾಲಕನ ಕಣ್ಣಿಗೇ ಹೊಡೆಯುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ರಾತ್ರಿ ಸವದತ್ತಿ ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ನಡೆದು ಬರುವ ಭಕ್ತರ ಸಾಲು ಇರುವಾಗ ಇದು ಸಣ್ಣ ಮಾತಲ್ಲ.

ಹಾಗೆಂದು ಮುಂಭಾಗವನ್ನು ಮುಟ್ಟಲೇಬಾರದೆಂದಲ್ಲ. ವರ್ಷಗಟ್ಟಲೆ ಕೆಟ್ಟ ರಸ್ತೆಯಲ್ಲಿ ಓಡಿದ ವಾಹನದ ಮುಂದಿನ ಸ್ಪ್ರಿಂಗುಗಳು ದಣಿದು ನಿಜವಾಗಿಯೂ ಕುಸಿಯುತ್ತವೆ. ಬುಷ್‌ಗಳು ಸವೆಯುತ್ತವೆ, ಪಾಟಾದ ಒಂದು ಎಲೆ ಒಳಗೇ ಮುರಿದಿರುತ್ತದೆ. ಕಣ್ಣಳತೆಯಿಂದ ಇದನ್ನು ತಿಳಿಯಲಾಗದು. ವಾಹನವನ್ನು ಖಾಲಿ ಮಾಡಿ, ನಾಲ್ಕೂ ಟೈರುಗಳಿಗೆ ಸರಿಯಾದ ಗಾಳಿ ತುಂಬಿ, ಸಮತಟ್ಟಾದ ಗಚ್ಚಿನ ಮೇಲೆ ಒಮ್ಮೆ ಹಿಂದಕ್ಕೂ ಮುಂದಕ್ಕೂ ಉರುಳಿಸಿ ನಿಲ್ಲಿಸಬೇಕು. ಬಳಿಕ ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ನಾಲ್ಕು ಅಂಕಿಗಳನ್ನು ಬರೆದಿಡಬೇಕು. ಎಡ-ಬಲಗಳಲ್ಲಿ ವ್ಯತ್ಯಾಸವಿದ್ದರೆ, ಅಥವಾ ತಯಾರಕರ ಸರ್ವಿಸ್ ಪುಸ್ತಕದ ಅಳತೆಗಿಂತ ಮುಂಭಾಗ ಇಳಿದಿದ್ದರೆ, ಅದು ಕುಸಿತ. ಅಳತೆ ಸರಿಯಿದ್ದೂ ಮೂತಿ ತಗ್ಗಾಗಿ ಕಂಡರೆ ಅದು ವಿನ್ಯಾಸ. ಕುಸಿದದ್ದನ್ನು ಮೂಲ ಮಟ್ಟಕ್ಕೆ ತರುವುದು ದುರಸ್ತಿ. ಮೂಲ ಮಟ್ಟವನ್ನು ಮೀರಿ ಎತ್ತುವುದು ಮಾರ್ಪಾಡು. ಮುಂದಿನ ಎಲ್ಲ ಲೆಕ್ಕವೂ ಈ ಗೆರೆಯ ಮೇಲೆ ನಿಂತಿದೆ.

ಎತ್ತುವ ಕ್ರಮ ವಾಹನದಿಂದ ವಾಹನಕ್ಕೆ ಬೇರೆ. ಮುಂದೆಯೂ ಪಾಟಾ ಇರುವ ವಾಹನಗಳಲ್ಲಿ ದಣಿದ ಪಾಟಾವನ್ನು ಬದಲಿಸುತ್ತಾರೆ, ಇಲ್ಲವೇ ಅದನ್ನೇ ಬಡಿದು ಮತ್ತೆ ಬಾಗಿಸುತ್ತಾರೆ. ಹೀಗೆ ಬಾಗಿಸಿದ್ದು ಹದ ತಪ್ಪಿದ್ದರೆ ಬೇಗನೆ ಮತ್ತೆ ಕೂರುತ್ತದೆ. ಸುರುಳಿ ಸ್ಪ್ರಿಂಗ್ ಇದ್ದಲ್ಲಿ ಮೇಲೊಂದು ಗುಂಡನೆಯ ಹಲ್ಲೆ ಇಡುತ್ತಾರೆ. ಕೆಲವು ಪಿಕಪ್‌ಗಳಲ್ಲಿ ಸ್ಪ್ರಿಂಗಿನ ಬದಲು ಟಾರ್ಷನ್ ಬಾರ್ ಎಂಬ ತಿರುಚುವ ಸರಳು ಇರುತ್ತದೆ. ಅದರ ತುದಿಯ ಬೋಲ್ಟನ್ನು ತಿರುಗಿಸಿದರೆ ಸಾಕು, ಮುಂಭಾಗ ಏಳುತ್ತದೆ. ಸುಲಭವಾದದ್ದರಿಂದಲೇ ಇದು ಹೆಚ್ಚು ದುರುಪಯೋಗವಾಗುತ್ತದೆ. ಬೋಲ್ಟ್ ಬಿಗಿದಷ್ಟೂ ಸರಳು ಗಟ್ಟಿಯಾಗುತ್ತದೆ, ಹೆಚ್ಚು ಭಾರ ಹೊರುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಬಲವಾಗಿದೆ, ಅದು ತಪ್ಪು. ಸರಳಿನ ಬಿಗುವನ್ನು ಅದರ ದಪ್ಪ, ಉದ್ದ ಮತ್ತು ಉಕ್ಕು ನಿರ್ಧರಿಸುತ್ತವೆ. ಬೋಲ್ಟ್ ಬದಲಿಸುವುದು ನಿಲುವಿನ ಎತ್ತರವನ್ನು ಮಾತ್ರ. ಅತಿಯಾಗಿ ಬಿಗಿದರೆ ಚಕ್ರ ಕೆಳಕ್ಕೆ ಇಳಿಯಲು ಜಾಗವೇ ಉಳಿಯದೆ ಪ್ರತಿ ತಗ್ಗಿನಲ್ಲೂ ಏಟು ಕೇಳುತ್ತದೆ. ಆ ಬೋಲ್ಟನ್ನು ಮುಟ್ಟುವ ಮುನ್ನ ಮೂಲ ಸ್ಥಾನವನ್ನು ಬಣ್ಣದಿಂದ ಗುರುತಿಸಿಡುವುದೂ, ಜಾಕಿನಿಂದ ಭಾರ ತೆಗೆದೇ ತಿರುಗಿಸುವುದೂ ಕಡ್ಡಾಯವೆನ್ನಬೇಕು.

ಎತ್ತರ ಬದಲಾದೊಡನೆ ಚಕ್ರಗಳ ಕೋನವೂ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸದೆ ಬಿಟ್ಟರೆ ಟೈರಿನ ಒಂದು ಅಂಚು ಸವೆಯತೊಡಗುತ್ತದೆ. ಉದಾಹರಣೆಗೆ, ಮುಂದಿನ ಜೋಡಿ ಟೈರಿಗೆ 12,000 ರೂಪಾಯಿ ಬಿದ್ದು ಅದು 40,000 ಕಿಲೋಮೀಟರ್ ಬಾಳಿದರೆ ಪ್ರತಿ ಸಾವಿರ ಕಿಲೋಮೀಟರಿಗೆ ಖರ್ಚು 300 ರೂಪಾಯಿ. ಅದೇ ಜೋಡಿ 25,000ಕ್ಕೆ ಮುಗಿದರೆ 480 ರೂಪಾಯಿ. ತಿಂಗಳಿಗೆ 3,000 ಕಿಲೋಮೀಟರ್ ಓಡುವ ವಾಹನಕ್ಕೆ ಈ ವ್ಯತ್ಯಾಸ ತಿಂಗಳಿಗೆ 540 ರೂಪಾಯಿ. ಸಮಮಟ್ಟದ ನಿಲುವಿಗೆ ತೆರುವ ಬಾಡಿಗೆ ಇದು.

ಇದಕ್ಕಿಂತ ಅಪಾಯದ ರೂಢಿ ಇನ್ನೊಂದಿದೆ. ಮುಂಭಾಗ ಎತ್ತಿಸಿದ ಮೇಲೆ ಹೇರಿನಲ್ಲಿ ಬಾಲ ಊರುತ್ತದೆಂದು ಹಿಂದಕ್ಕೆ ಎರಡು ಪಾಟಾ ಹೆಚ್ಚು ಹಾಕಿಸುವುದು. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಹೇರಿಗೆ ತಕ್ಕಂತೆ ಹಂಚುವ ಒಂದು ಕವಾಟವಿದ್ದು, ಅದು ಚಾಸಿಗೂ ಅಚ್ಚಿಗೂ ಇರುವ ಅಂತರದಿಂದ ಹೇರನ್ನು ಅಂದಾಜು ಮಾಡುತ್ತದೆ. ಹೆಚ್ಚುವರಿ ಪಾಟಾಗಳಿಂದ ಹಿಂಭಾಗ ಇಳಿಯದಿದ್ದರೆ, ತುಂಬಿದ ವಾಹನವನ್ನೂ ಅದು ಖಾಲಿಯೆಂದೇ ತಿಳಿದು ಹಿಂದಿನ ಬ್ರೇಕನ್ನು ಸಡಿಲಿಸುತ್ತದೆ. ಇಳಿಜಾರಿನಲ್ಲಿ ಇದರ ಅರ್ಥವೇನೆಂದು ಚಾಲಕರಿಗೆ ಗೊತ್ತು. ಪಾಟಾ ಹೆಚ್ಚಿದ ಮಾತ್ರಕ್ಕೆ ಅಚ್ಚು, ಬೇರಿಂಗು, ಟೈರುಗಳ ಶಕ್ತಿ ಹೆಚ್ಚುವುದಿಲ್ಲ. ನೋಂದಣಿ ಪತ್ರದ ತೂಕವೂ ಹೆಚ್ಚುವುದಿಲ್ಲ. ಮಿತಿ ಮೀರಿದ ಹೇರಿಗೆ ಮೋಟಾರು ವಾಹನ ಕಾಯಿದೆಯ 194ನೇ ಕಲಮಿನಲ್ಲಿ 20,000 ರೂಪಾಯಿ ದಂಡ, ಪ್ರತಿ ಹೆಚ್ಚುವರಿ ಟನ್ನಿಗೆ ಮತ್ತೆ 2,000.

ಮಾರ್ಪಾಡಿನ ಬಗ್ಗೆ 1988ರ ಇದೇ ಕಾಯಿದೆಯ 52ನೇ ಕಲಮು ಸ್ಪಷ್ಟವಾಗಿದೆ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಇವೆ. ಸ್ಪ್ರಿಂಗಿನ ಎತ್ತರ ನೋಂದಣಿ ಪತ್ರದಲ್ಲಿ ಇಲ್ಲವಲ್ಲ ಎಂದು ವಾದಿಸುವವರುಂಟು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆಗೆ ನಿಲ್ಲಬೇಕಾದ ವಾಹನದ ಮಾಲೀಕ ಈ ವಾದವನ್ನು ನೆಚ್ಚಿಕೊಳ್ಳುವುದು ವ್ಯವಹಾರ ಜಾಣ್ಮೆಯಲ್ಲ. ಅಪಘಾತವಾದಾಗ ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮಿನ ತಕರಾರಿಗೆ ಎಡೆ ಮಾಡಿಕೊಡುತ್ತದೆ ಎಂಬುದನ್ನೂ ಮರೆಯಬಾರದು.

ತೆರಿಗೆಯ ಲೆಕ್ಕದಲ್ಲೂ ಇದೇ ಗೆರೆ. ಇರುವ ಆಸ್ತಿಯನ್ನು ಕಾಪಾಡಿ ಉಳಿಸುವ ಖರ್ಚು ಮಾತ್ರ ಚಾಲ್ತಿ ದುರಸ್ತಿ, ಹೊಸ ಅನುಕೂಲ ತರುವ ಖರ್ಚು ಹಾಗಲ್ಲ ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ವಿವರಿಸಿತು. ಅದು ನೂಲಿನ ಗಿರಣಿಯ ಯಂತ್ರಗಳ ವ್ಯಾಜ್ಯವಾದರೂ ಪಾಟಾಕ್ಕೂ ತತ್ವ ಒಂದೇ. ಸ್ವಂತ ಸರಕಿಗೆ ವಾಹನ ಇಟ್ಟುಕೊಂಡ ವ್ಯಾಪಾರಿ ಕುಸಿದ ಪಾಟಾ ಬದಲಿಸಿದ ಖರ್ಚನ್ನು ಅದೇ ವರ್ಷ ಲಾಭ-ನಷ್ಟದ ತಖ್ತೆಗೆ ಹಾಕಬಹುದು. ಸರಕು ಸಾಗಣೆಯ ವಾಹನವಾದ್ದರಿಂದ, ಬೇರೆ ಷರತ್ತುಗಳು ಪೂರೈಸಿದರೆ, ದುರಸ್ತಿಯ ಮೇಲಿನ ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ಟಿಗೂ ಅಡ್ಡಿಯಿಲ್ಲ. ಆದರೆ ಬಾಡಿಗೆಗೆ ಓಡಿಸುವವರು ಅಂದಾಜು ಆದಾಯದ ಪದ್ಧತಿಯಲ್ಲಿ ತಿಂಗಳಿಗೆ, ವಾಹನವೊಂದಕ್ಕೆ 7,500 ರೂಪಾಯಿಯಂತೆ ತೋರಿಸುತ್ತಿದ್ದರೆ ದುರಸ್ತಿಯನ್ನು ಪ್ರತ್ಯೇಕವಾಗಿ ಕಳೆಯುವಂತಿಲ್ಲ. ಟೈರಿನ ಆ 540 ರೂಪಾಯಿ ಪೂರ್ತಿಯಾಗಿ ಅವರ ಜೇಬಿನದು.

ಆದ್ದರಿಂದ ಬಿಲ್ಲಿನ ಒಕ್ಕಣೆಗೆ ಬೆಲೆಯಿದೆ. ಬರೀ ‘ಪಾಟಾ ಕೆಲಸ’ ಎಂದು ಚೀಟಿಯಲ್ಲಿ ಬರೆಸಿಕೊಂಡು ಬರುವ ಬದಲು ವಾಹನದ ಸಂಖ್ಯೆ, ಓಡಿದ ಕಿಲೋಮೀಟರ್, ಬದಲಿಸಿದ ಭಾಗ, ಕೆಲಸಕ್ಕೆ ಮುಂಚಿನ ಮತ್ತು ನಂತರದ ನಾಲ್ಕು ಅಳತೆಗಳು, ಅಲೈನ್‌ಮೆಂಟ್ ಮತ್ತು ದೀಪದ ಹೊಂದಾಣಿಕೆ ಮಾಡಿದ ನಮೂದು, ವ್ಯಾಪಾರಿಯ ಜಿಎಸ್‌ಟಿ ಸಂಖ್ಯೆ ಇವಿಷ್ಟೂ ಅದರಲ್ಲಿರಬೇಕು. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಸ್ಪ್ರಿಂಗುಗಳು ಕೂತು ಅಳತೆ ಸ್ವಲ್ಪ ಬದಲಾಗುವುದರಿಂದ, ಅದೇ ಗಚ್ಚಿನ ಮೇಲೆ ಇನ್ನೊಮ್ಮೆ ಅಳೆದು ಬಿಲ್ಲಿನ ಬೆನ್ನಿಗೆ ಬರೆದಿಡುವುದು ಒಳಿತು.